ಅಮುಮಾ ಮಂಚದ ಹಿಂದಿನ ಹೊಗೆ

ಬೆಳಿಗ್ಗೆ ಎಂಟಕ್ಕೆ ಅವಳು ಸ್ಯಾಡಲ್ ಗುಡ್ಡಕ್ಕೆ ಹೇಳಿದ್ದು, "ಸ್ಯಾಡಲ್, ಹಾಜರಿ ಬರ್ಕೊಂಡೆ, ಇವತ್ತು ಬಿಸಿಲು ಜಾಸ್ತಿಯಂತೆ, ನೀರು ಕುಡೀತಾ ಇರಿ." ಅದಾದ ಮೇಲೆ ವೆಂಡೆಲ್ ತನ್ನ ರೇಡಿಯೊದ ಗುಂಡಿ ಒತ್ತಿ "ಮ್ಯಾಗ್ಪೈ ಹಾಜರ್" ಅಂದಾಗ ಅವಳು ಹೇಳಿದ್ದು, "ಕಾಪಿ." ಕೇಳಿಸಿತು ಎನ್ನಲು ರೇಡಿಯೊದವರು ಬಳಸುವ ಎರಡಕ್ಷರ. ಬಿಸಿಲು ಮ್ಯಾಗ್ಪೈ ಗುಡ್ಡದ ಮೇಲೂ ಅಷ್ಟೇ ಇತ್ತು. ನೀರು ಅವನೂ ಕುಡಿಯುತ್ತಿದ್ದ. ಕಾಡುಬೆಂಕಿ ಕಾಯಲೆಂದು ಗುಡ್ಡದ ತುದಿಗೆ ಕಟ್ಟಿದ, ನಾಲ್ಕು ಕಡೆಯೂ ಗಾಜಿರುವ ಆ ಒಂಟಿ ಕೋಣೆಯಲ್ಲಿ ನಿಂತು, ತೊಂಬತ್ತು ಮೈಲಿ ದೂರದ ಪಟ್ಟಣದ ಕಚೇರಿಯಲ್ಲಿ ರೇಡಿಯೊ ಮುಂದೆ ಕೂತ ತನ್ನ ಹೆಂಡತಿ ಆ ಎರಡಕ್ಷರವನ್ನು ಹೇಗೆ ಹೇಳಿದಳು ಎಂದು ಅವನು ಮತ್ತೆ ಮತ್ತೆ ನೆನೆದುಕೊಂಡ. ಆಕಳಿಸುತ್ತ ಹೇಳಿದಳೇ, ಅಥವಾ ಸ್ಯಾಡಲ್‌ಗೆ ಹೇಳುವಾಗ ಬಂದಿದ್ದ ನಗು ಮುಗಿಯದೆ ಅದರ ಬಾಲವನ್ನು ತನ್ನ ಕಡೆ ಎಸೆದಳೇ. ಇಪ್ಪತ್ತೆರಡು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದವಳ ದನಿ ಗಾಳಿಯಲ್ಲಿ ಬಂದಾಗ ಅದನ್ನು ಓದಲು ಬರುವುದಿಲ್ಲ ಎನ್ನುವುದು ಈ ಬೇಸಿಗೆಯಲ್ಲಿ ಅವನಿಗೆ ಹೊಸದಾಗಿ ಗೊತ್ತಾಗಿತ್ತು.

ಮೈತೆ ಆ ಕೆಲಸಕ್ಕೆ ಸೇರಿದ ದಿನವೇ ಹೇಳಿದ್ದಳು. ಅಡುಗೆಮನೆಯಲ್ಲಿ ಹಿಟ್ಟು ನಾದುತ್ತ, ಕೈಯೆತ್ತದೆ ಹೇಳಿದ್ದಳು: "ನೋಡು ವೆಂಡೆಲ್, ರೇಡಿಯೊದಲ್ಲಿ ನೀನು ನಂಗೆ ಗಂಡ ಅಲ್ಲ, ಗುಡ್ಡ. ಇಡೀ ಸೀಮೆ ಕೇಳಿಸ್ಕೊಳ್ತಿರುತ್ತೆ. ಅಲ್ಲಿ ನಂಗೆ ನೀನು ಬೇರೆ ಅಲ್ಲ, ಸ್ಯಾಡಲ್ ಬೇರೆ ಅಲ್ಲ." ಆಗ ಅದು ತಮಾಷೆಯಾಗಿ ಕಂಡಿತ್ತು. ಗೆಳೆಯರ ಮುಂದೆ ತಾನೇ ಹೇಳಿ ನಗಿಸಿದ್ದ. ಆಗ ಸ್ಯಾಡಲ್ ಗುಡ್ಡದ ಮೇಲಿದ್ದವನು ಕಿವಿ ಸರಿಯಾಗಿ ಕೇಳದ ಎಪ್ಪತ್ತರ ಮುದುಕ. ಈ ವರ್ಷ ಬಂದವನು ಜೋನಾ, ಮೂವತ್ತನಾಲ್ಕು ವರ್ಷದವನು, ಬೆಟ್ಟಸಾಲಿನಾಚೆಯ ಮಳೆಸೀಮೆಯ ಶಾಲೆಯ ಮೇಷ್ಟ್ರು, ರಜೆಯಲ್ಲಿ ಬೆಂಕಿ ಕಾಯಲು ಬಂದಿದ್ದ. ಸಂಜೆ ಕೆಲಸ ಮುಗಿದ ಮೇಲೆ ಇನ್ನೊಂದು ಚಾನಲ್ಲಿನಲ್ಲಿ ವೆಂಡೆಲ್‌ನನ್ನು ಕರೆದು, ಮರ್ಯಾದೆಯಿಂದ, ಆ ಬಿಳಿ ಬಯಲು ಯಾವ ಕೆರೆಯದು, ಈ ಕಣಿವೆಗೆ ಏನನ್ನುತ್ತಾರೆ ಎಂದು ಕೇಳುತ್ತಿದ್ದ. ಎರಡು ಗುಡ್ಡವೂ ಒಂದೇ ಎಂದಾದರೆ ಒಂದು ಗುಡ್ಡಕ್ಕೆ ಮಾತ್ರ ನೀರು ಕುಡಿ ಎಂದು ಹೇಳುವುದು ಯಾಕೆ.

ಹಿಂದಿನ ದಿನ ರಮೋನಾ ನೀರಿನ ಡ್ರಮ್ಮು ತಂದಿದ್ದಳು. ಈ ಭಾಗದ ಬೆಂಕಿ ಆರಿಸುವ ಗಾಡಿ ಅವಳದೇ. ಇಲ್ಲಿನ ಮೂಲನಿವಾಸಿ ಪಾಯೂಟ್ ಜನರವಳು, ಅವಳ ಅಜ್ಜಂದಿರು ಈ ಗುಡ್ಡಗಳಿಗೆ ಬೇರೆ ಹೆಸರಿಟ್ಟು ಕರೆಯುತ್ತಿದ್ದರೆಂದು ಆಗಾಗ ನೆನಪಿಸುವವಳು. ಡ್ರಮ್ಮಿನ ಜೊತೆ ಬಟ್ಟೆಯಲ್ಲಿ ಸುತ್ತಿದ ಬ್ರೆಡ್ಡನ್ನೂ ಇಳಿಸಿದಳು.

"ನಿನ್ನೆಂಡ್ತಿ ಕಳಿಸಿದಾಳೆ. ಎರಡು ಮಾಡಿದ್ಲು. ಇದು ಚಿಕ್ಕದು. ದೊಡ್ಡದು ಆ ಮೇಷ್ಟ್ರಿಗೆ ಕೊಟ್ಟು ಬಂದೆ."

"ಅವನಿಗ್ಯಾಕೆ ದೊಡ್ಡದು?"

"ಅವನು ಬಡಕಲು ಕಣಪ್ಪ. ನೀನು ಹಾಗಿಲ್ವಲ್ಲ." ಅವನ ಹೊಟ್ಟೆಯನ್ನು ಬೆರಳಿನಿಂದ ತಿವಿದಳು. "ಮುಖ ಯಾಕೆ ಹಾಗೆ ಮಾಡ್ತೀಯ? ಮುಂದಿನ್ಸಲ ತಕ್ಕಡಿ ಹಿಡ್ಕೊಂಡು ಬರ್ತೀನಿ ಬಿಡು."

ಅವಳ ಗಾಡಿ ತಿರುವು ದಾಟಿದ ಮೇಲೆ ಅವನು ಬ್ರೆಡ್ಡನ್ನು ಬೋರಲು ಹಾಕಿ ನೋಡಿದ್ದ. ಮೈತೆಯ ಮನೆತನ ಕುರಿ ಕಾಯಲು ಸಮುದ್ರ ದಾಟಿ ಬಂದ ಬಾಸ್ಕ್ ಜನ. ಅವರಲ್ಲಿ ಬ್ರೆಡ್ಡಿನ ತಳಕ್ಕೆ ಚಾಕುವಿನಿಂದ ಶಿಲುಬೆಯ ಗೀಟು ಹಾಕದೆ ಯಾರೂ ಕೊಯ್ಯುವುದಿಲ್ಲ. ಮೊದಲ ತುಂಡು ನಾಯಿಗೆ. ಮನೆಯಲ್ಲಿ ನಾಯಿ ಸತ್ತ ಮೇಲೆ ಮೈತೆ ಆ ತುಂಡನ್ನು ಅವನ ತಟ್ಟೆಗೆ ಹಾಕಿ "ನೀನೇ ತಿನ್ನು, ನೀನೂ ಬಾಗಿಲು ಕಾಯ್ತೀಯ" ಎನ್ನುತ್ತಿದ್ದಳು. ಈ ಬ್ರೆಡ್ಡಿನ ತಳದಲ್ಲಿ ಗೀಟು ಇರಲಿಲ್ಲ. ಮನೆಯಿಂದ ಕಳಿಸುವಾಗ ಗೀಟು ಹಾಕುವ ಪದ್ಧತಿಯಿಲ್ಲ, ತಿನ್ನುವ ಕಡೆ ಹಾಕಬೇಕು, ಅದು ಅವನಿಗೆ ಗೊತ್ತು. ಗೊತ್ತಿದ್ದೂ, ಆ ಇನ್ನೊಂದು ಬ್ರೆಡ್ಡಿನ ತಳ ಹೇಗಿತ್ತೆಂದು ರಮೋನಾಳನ್ನು ಕೇಳಬೇಕಿತ್ತು ಎನ್ನಿಸಿತು. ಐವತ್ತೊಂದು ವರ್ಷದ ಗಂಡಸು ಬ್ರೆಡ್ಡಿನ ತಳ ಕೇಳುವುದು ಹೇಗೆ ಎಂದು ನಾಚಿಕೆಯಾಗಿ, ಹಸಿವಿಲ್ಲದಿದ್ದರೂ ಅರ್ಧ ಬ್ರೆಡ್ಡನ್ನು ನಿಂತಲ್ಲೇ ತಿಂದಿದ್ದ.

ಹನ್ನೊಂದರ ಹೊತ್ತಿಗೆ ಗಾಜಿನ ಕೋಣೆ ಕಾದು ಹೋಯಿತು. ಬೆಳಿಗ್ಗೆ ಬಕೆಟ್ಟಿನ ನೀರಿನ ಮೇಲೆ ತೆಳ್ಳಗೆ ಮಂಜುಗಡ್ಡೆ ಕಟ್ಟಿತ್ತು. ಈಗ ಬಾಗಿಲ ಹಿಡಿಕೆ ಮುಟ್ಟಲಾಗುತ್ತಿರಲಿಲ್ಲ. ಆರೂವರೆ ಸಾವಿರ ಅಡಿ ಎತ್ತರದ ಈ ಒಣಸೀಮೆಯಲ್ಲಿ ಬಿಸಿಲು ನೆರಳಿನಲ್ಲಿ ನಿಂತವನನ್ನು ಮುಟ್ಟುವುದಿಲ್ಲ, ಹೊರಗೆ ಒಂದು ಹೆಜ್ಜೆ ಇಟ್ಟವನನ್ನು ಬಿಡುವುದಿಲ್ಲ. ಕೆಳಗೆ ಬೂದು ಬಣ್ಣದ ಸೇಜ್ ಪೊದೆ, ನಡುನಡುವೆ ಕರೀ ಚುಕ್ಕೆಯಂತೆ ಜೂನಿಪರ್ ಮರ, ಪೊದೆಗಳ ಮಧ್ಯೆ ಮೇ ತಿಂಗಳಲ್ಲಿ ನೇರಳೆಯಾಗಿ ಜೂನಿನ ಎರಡನೇ ವಾರಕ್ಕೇ ಒಣಗಿ ನಿಂತ ಪರದೇಶಿ ಹುಲ್ಲು. ಉತ್ತರ ವಾಯವ್ಯದಲ್ಲಿ ಹದಿನೆಂಟು ಮೈಲಿ ಆಚೆ ಕಪ್ಪು ಬಂಡೆಯ ಗೋಡೆ, ಅದರ ಬೆನ್ನಿಗೆ ಹೊರಗಿನವರಿಗೆ ಕಾಣದ ಒಂದು ತಗ್ಗು. ಅವನು ಆ ಕಡೆ ನೋಡಿದ. ನೋಡುವುದು ಅವನ ಕೆಲಸ. ಹದಿನೈದು ನಿಮಿಷಕ್ಕೊಮ್ಮೆ ಇಡೀ ದಿಗಂತವನ್ನು ಕಣ್ಣಿನಿಂದ ಗುಡಿಸಬೇಕು. ಆದರೆ ಆ ತಗ್ಗಿನ ಕಡೆ ನೋಡುವಾಗ ಅವನು ಹೊಗೆಯನ್ನು ಹುಡುಕುತ್ತಿರಲಿಲ್ಲ. ತೊಂಬತ್ತೇಳರ ಬೇಸಿಗೆಯಲ್ಲಿ ಸ್ಯಾಡಲ್ ಗುಡ್ಡದ ಮೇಲೆ ಇದ್ದವಳು ಮೈತೆ, ಅಲ್ಲಿ ಅದು ಅವಳ ಮೂರನೇ ವರ್ಷ. ಮ್ಯಾಗ್ಪೈಗೆ ಅವನು ಹೊಸಬ. ಸಂಜೆಯ ಚಾನಲ್ಲಿನಲ್ಲಿ ಇದು ಯಾವ ಕಣಿವೆ, ಅದು ಯಾವ ಕೆರೆ ಎಂದು ಅವನೇ ಕೇಳುತ್ತಿದ್ದ. ಇಬ್ಬರಿಗೂ ಒಂದೇ ದಿನ ರಜೆ ಸಿಕ್ಕಾಗ ಆ ತಗ್ಗಿನಲ್ಲಿ ಭೇಟಿಯಾದರು. ಅಲ್ಲಿ ಮರದ ಕೆಳಗೆ ಮಂಚದಷ್ಟು ಉದ್ದಗಲದ ಒಂದು ಚಪ್ಪಡಿ. ಅದರ ಮೇಲೆ ಇಡೀ ಮಧ್ಯಾಹ್ನ ಮಲಗಿದ್ದು ಎದ್ದಾಗ ಅವಳು ಕೂದಲಿನಿಂದ ಜೂನಿಪರ್ ಸೊಪ್ಪು ಕೀಳುತ್ತ, "ಇದಕ್ಕೆ ಅಮುಮಾ ಮಂಚ ಅಂತ ಹೆಸರಿಡೋಣ" ಎಂದಳು. ಅವಳ ಮನೆಮಾತಿನಲ್ಲಿ ಅಮುಮಾ ಎಂದರೆ ಅಜ್ಜಿ. ಯಾವ ಅಜ್ಜಿ, ಯಾಕೆ ಅಜ್ಜಿ ಎಂದರೆ, "ಈಗ ಹೊಳೀತು ಮಾರಾಯ, ಎಲ್ಲಕ್ಕೂ ಕಾರಣ ಇರುತ್ತಾ" ಎಂದು ನಕ್ಕಿದ್ದಳು. ಯಾವ ನಕ್ಷೆಯಲ್ಲೂ ಇಲ್ಲದ ಆ ಹೆಸರು ಅವರ ಮದುವೆಯೊಳಗೆ ಒಂದು ಬೀರುವಿನ ಒಳಖಾನೆಯಂತೆ ಉಳಿದುಕೊಂಡಿತ್ತು. ಜಗಳ ಅತಿಯಾದ ದಿನ ಯಾರಾದರೊಬ್ಬರು "ಅಮುಮಾ ಮಂಚಕ್ಕೆ ಹೋಗೋಣ್ವಾ" ಎಂದರೆ ಸಾಕಿತ್ತು.

ಒಂದೂವರೆಗೆ ಮೋಡ ಕಟ್ಟಿತು. ತಳ ಕಪ್ಪಾಗಿ, ಚಪ್ಪಟೆಯಾಗಿ ಬಂದ ಮೋಡದಿಂದ ಮಳೆ ಇಳಿಯುವುದೂ ಕಾಣುತ್ತಿತ್ತು, ಅರ್ಧ ದಾರಿಗೆ ಬಂದು ಆರಿಹೋಗುವುದೂ ಕಾಣುತ್ತಿತ್ತು. ಕಾದ ಹಂಚಿಗೆ ಚಿಮುಕಿಸಿದ ನೀರಿನ ಹಾಗೆ. ನೆಲಕ್ಕೆ ಬಿದ್ದಿದ್ದು ಸಿಡಿಲು ಮಾತ್ರ. ನಿಯಮದಂತೆ ವೆಂಡೆಲ್ ಕೋಣೆಯ ನಡುವೆ ಸ್ಟೂಲು ಎಳೆದುಕೊಂಡು ಹತ್ತಿ ನಿಂತ. ನಾಲ್ಕು ಕಾಲಿಗೂ ದಪ್ಪ ಗಾಜಿನ ಬಟ್ಟಲು ಕಟ್ಟಿದ ಕುಳ್ಳ ಸ್ಟೂಲು ಅದು. ಗುಡ್ಡಕ್ಕೆ ಸಿಡಿಲು ಹೊಡೆದರೆ ಅದರ ಮೇಲೆ ನಿಂತವನು ಬದುಕುತ್ತಾನೆ ಎಂಬ ನಂಬಿಕೆ. ಒಂದು ಕೈಯಲ್ಲಿ ದುರ್ಬೀನು, ಒಂದು ಕೈಯಲ್ಲಿ ರೇಡಿಯೊ, ಪಾಠ ಒಪ್ಪಿಸದ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸಿದಂತೆ ನಿಂತು ಅವನಿಗೆ ಹೊಳೆದದ್ದು, ಅತ್ತ ಸ್ಯಾಡಲ್‌ನಲ್ಲಿ ಆ ಮೇಷ್ಟ್ರೂ ಹೀಗೇ ನಿಂತಿರುತ್ತಾನೆ, ಮೈತೆ ಇಬ್ಬರನ್ನೂ ಒಟ್ಟಿಗೆ ಕಣ್ಣಮುಂದೆ ತಂದುಕೊಂಡರೆ ಆ ಸ್ಟೂಲಿನ ಮೇಲೆ ತೆಳ್ಳಗಿನವನೇ ಚೆನ್ನಾಗಿ ಕಾಣುತ್ತಾನೆ ಎಂದು.

ಎರಡು ಗಂಟೆ ಹತ್ತು ನಿಮಿಷಕ್ಕೆ ಜೋನಾನ ದನಿ ಬಂತು. ಸೋಮವಾರ ಅವನು ದನದ ಲಾರಿಯ ಧೂಳನ್ನು ಹೊಗೆ ಎಂದು ಕೂಗಿ ರಮೋನಾಳನ್ನು ನಲವತ್ತು ಮೈಲಿ ಓಡಿಸಿದ್ದ. ಅವತ್ತಿನಿಂದ ಎಲ್ಲರ ಬಾಯಲ್ಲೂ ಅವನು ಧೂಳು ಮೇಷ್ಟ್ರು. ದನಿಯಲ್ಲಿ ಆ ಅಳುಕು ಇತ್ತು.

"ಕಚೇರಿ, ಸ್ಯಾಡಲ್. ಹೊಗೆ ಅನ್ಸುತ್ತೆ. ನನ್ನಿಂದ ಮುನ್ನೂರ ಹನ್ನೆರಡು ಡಿಗ್ರಿ. ಅಮುಮಾ ಮಂಚದ ಹಿಂದೆ."

ಎಲ್ಲಿ ಎಂದು ಮೈತೆ ಕೇಳಲಿಲ್ಲ. ಅಕ್ಷರ ಬಿಡಿಸಿ ಹೇಳಿ ಎನ್ನಲಿಲ್ಲ. "ಕಾಪಿ, ಸ್ಯಾಡಲ್," ಎಂದಳು. ಆ ಕಾಪಿ ಬೆಳಗಿನ ಕಾಪಿಯಾಗಿರಲಿಲ್ಲ.

ನಡುವೆ ರಮೋನಾ ಬಾಯಿ ಹಾಕಿದಳು. "ಕಚೇರಿ, ಅದ್ಯಾವ ಮಂಚ? ನನ್ನ ನಕ್ಷೇಲಿ ಮಂಚಾನೂ ಇಲ್ಲ, ದಿಂಬೂ ಇಲ್ಲ."

"ಆಮೇಲೆ ಹೇಳ್ತೀನಿ," ಎಂದಳು ಮೈತೆ. "ಮ್ಯಾಗ್ಪೈ, ನಿಮ್ಮ ಕಡೆಯಿಂದ ನೋಡಿ ಹೇಳಿ."

ಒಂದು ಗುಡ್ಡ ಹೇಳುವ ದಿಕ್ಕು ಬರೀ ಗೆರೆ. ಇನ್ನೊಂದು ಗುಡ್ಡದ ಗೆರೆ ಅದನ್ನು ಕತ್ತರಿಸಿದಾಗಲೇ ಬೆಂಕಿಗೆ ಜಾಗ ಸಿಗುವುದು. ವೆಂಡೆಲ್ ಸ್ಟೂಲಿನಿಂದ ಇಳಿದು ನಕ್ಷೆಯ ಮೇಲೆ ಕೂರಿಸಿದ್ದ, ದಿಕ್ಕು ಅಳೆಯುವ ಕಬ್ಬಿಣದ ಬಳೆಯನ್ನು ತಿರುಗಿಸಿ, ಅದರ ಕಿಂಡಿಗೆ ಕಣ್ಣಿಟ್ಟ. ಕಪ್ಪು ಬಂಡೆಯ ಹಿಂದಿನಿಂದ ನೀಲಿ ಬಣ್ಣದ ಎಳೆಯೊಂದು ನೇರವಾಗಿ ಮೇಲೇಳುತ್ತಿತ್ತು. ಧೂಳು ಕಂದು, ಧೂಳು ಅಲೆಯುತ್ತದೆ, ಧೂಳಿಗೆ ಬುಡವಿಲ್ಲ. ಇದಕ್ಕೆ ಬುಡವಿತ್ತು. ಮಾತು ಹೊರಡುವುದಕ್ಕೆ ಮೊದಲು ಇವೆಲ್ಲ ಅವನಿಗೆ ಸ್ಪಷ್ಟವಾಗಿದ್ದವು. ಆದರೆ ಅವನ ಕಣ್ಣಮುಂದೆ ಇದ್ದದ್ದು ಬೇರೆ: ಅವಳು ಆ ಹೆಸರನ್ನು ಯಾವ ದಿನ, ಯಾವ ನಗುವಿನ ನಡುವೆ, ಈ ಬಡಕಲು ಮನುಷ್ಯನಿಗೆ ಹೇಳಿದಳು, ಇವನು ಯಾಕೆ ಎಂದು ಕೇಳಿದಾಗ ಏನೆಂದಳು, ಈಗ ಹೊಳೀತು ಎಂದಳೇ.

"ಕಚೇರಿ, ಮ್ಯಾಗ್ಪೈ. ಹೊಗೆ ಇಲ್ಲ. ಧೂಳು."

ಅವನ ಮಾತಿನ ಮೇಲೆ ಈ ಸೀಮೆಯಲ್ಲಿ ಯಾರೂ ಮಾತಾಡುವುದಿಲ್ಲ. ರಮೋನಾ ಗಾಡಿಯೊಳಗೆ ನಕ್ಕಿದ್ದು ಕೇಳಿಸಿತು. "ಮೇಷ್ಟ್ರೆ, ನಿಮಗೊಂದು ಪೊರಕೆ ತಂದ್ಕೊಡ್ಲಾ?" ಪೂರ್ವದ ಹೆದ್ದಾರಿ ಪಕ್ಕದ ಮರವೊಂದಕ್ಕೆ ಸಿಡಿಲು ಬಡಿದಿತ್ತು, ಮೈತೆ ಅವಳನ್ನು ಅಲ್ಲಿಗೆ ತಿರುಗಿಸಿದಳು. ಕೊನೆಗೆ ಜೋನಾ ಮಾತಾಡಿದ. "ಕ್ಷಮಿಸಿ ಕಚೇರಿ. ಹೆಸರೂ ತಪ್ಪೇನೋ. ಇಲ್ಲಿ ಕಿಟಕಿ ಮೇಲೆ ದಿಗಂತದ ಹಳೇ ಪಟ ಇದೆಯಲ್ಲ, ಅದರಲ್ಲಿ ಪೆನ್ಸಿಲ್ಲಲ್ಲಿ ಹಾಗೆ ಬರ್ದಿತ್ತು. ಕೆಳಗೆ ಎಂ. ಅಂತಿದೆ. ಜೂನ್ ತೊಂಬತ್ತಾರು."

"ಹೆಸರು ಸರಿಯಾಗೇ ಇದೆ, ಸ್ಯಾಡಲ್," ಎಂದಳು ಮೈತೆ.

ವೆಂಡೆಲ್ ಮತ್ತೆ ಸ್ಟೂಲು ಹತ್ತಿದ. ಮೇಷ್ಟ್ರ ಮೇಲಿದ್ದ ಅನುಮಾನ ಕರಗಲು ಅರ್ಧ ನಿಮಿಷವೂ ಬೇಕಾಗಲಿಲ್ಲ. ಅವನಿಗೆ ಯಾರೂ ಏನೂ ಹೇಳಿರಲಿಲ್ಲ, ಗೋಡೆಯ ಮೇಲಿದ್ದುದನ್ನು ಓದಿದ್ದ, ಅಷ್ಟೆ. ಈಗಲೇ ಗುಂಡಿ ಒತ್ತಿ, ಮತ್ತೊಮ್ಮೆ ನೋಡಿದೆ, ಹೊಗೆಯೇ ಎಂದರೆ ಮುಗಿಯುತ್ತಿತ್ತು. ಆದರೆ ಬೆರಳು ಗುಂಡಿಯ ಮೇಲಿದ್ದಾಗಲೇ ತೊಂಬತ್ತಾರು ಎಂಬುದು ಒಳಗೆ ಇಳಿಯಿತು. ಅವನು ಇಲ್ಲಿಗೆ ಬಂದದ್ದು ತೊಂಬತ್ತೇಳರಲ್ಲಿ. ಒಂದು ವರ್ಷ ಮೊದಲೇ ಆ ಚಪ್ಪಡಿಗೆ ಆ ಹೆಸರಿತ್ತು. ಕೂದಲಿನಿಂದ ಸೊಪ್ಪು ಕೀಳುತ್ತ ಈಗ ಹೊಳೀತು ಎಂದವಳಿಗೆ ಆಗ ಹೊಳೆದಿರಲಿಲ್ಲ. ಯಾರಿಗೆ ಮೊದಲು ಹೇಳಿದ್ದಳು? ಅವನಿಗಿಂತ ಮುಂಚೆ ಮ್ಯಾಗ್ಪೈಯಲ್ಲಿದ್ದವನು ಯಾರು? ಅವನ ಹೆಸರನ್ನು ಹಳೆಯ ದಿನಚರಿ ಪುಸ್ತಕದಲ್ಲಿ ನೋಡಿದ್ದುಂಟು, ನೆನಪಾಗಲಿಲ್ಲ. ಅಥವಾ ಯಾರೂ ಇಲ್ಲ, ನಿಜವಾಗಿಯೂ ಅವಳ ಅಜ್ಜಿ ಕುರಿಯ ಹಿಂದೆ ಬಂದು ಅಲ್ಲಿ ಮಲಗುತ್ತಿದ್ದಳು, ಮೊಮ್ಮಗಳು ಅದನ್ನು ಬರೆದಿಟ್ಟಳು, ಮರುವರ್ಷ ಬಂದ ಹೊಸಬನ ಮನಸ್ಸು ಸಂತೋಷವಾಗಲಿ ಎಂದು ಆಗಲೇ ಹುಟ್ಟಿದ್ದೆಂಬಂತೆ ಕೊಟ್ಟಳು. ಇದು ಹಿತವಾದ ಕತೆ; ಹಿತವಾದ್ದರಿಂದಲೇ ಹೆಚ್ಚು ಚುಚ್ಚಿತು. ಅವಳು ಉಳಿದದ್ದನ್ನೆಲ್ಲ ಹೀಗೇ ದಾಕ್ಷಿಣ್ಯಕ್ಕೆ ಕೊಟ್ಟಿದ್ದರೆ? ಜಗಳದ ಕೊನೆಯಲ್ಲಿ ಅಮುಮಾ ಮಂಚಕ್ಕೆ ಹೋಗೋಣ್ವಾ ಎಂದು ಅವಳು ಕೇಳಿದ ಅಷ್ಟೂ ಸಲ ಅವಳ ಕಣ್ಣಿನಲ್ಲಿ ಇದ್ದ ಚಪ್ಪಡಿ ಯಾವ ವರ್ಷದ್ದು? ಕೇಳುವ ಹಾಗಿಲ್ಲ. ಕೇಳಬೇಕಾದವಳು ಗುಂಡಿಯೊಂದರ ಆಚೆಗೆ ಇದ್ದಾಳೆ, ಕೇಳಿದರೆ ಇಡೀ ಸೀಮೆ ಕೇಳಿಸಿಕೊಳ್ಳುತ್ತದೆ.

ಎರಡೂವರೆಗೆ ಎಳೆ ಹಗ್ಗದಷ್ಟಾಯಿತು. ಒಂಟಿ ಜೂನಿಪರ್ ಮರ ಎಷ್ಟೋ ಸಲ ತಾನೇ ಹತ್ತಿ ತಾನೇ ಆರುತ್ತದೆ. ಆರಲಿ ಎಂದು ಅವನು ಕಾದ. ಎರಡೂಮುಕ್ಕಾಲಿಗೆ, ಇನ್ನು ಐದು ನಿಮಿಷ ಬಿಟ್ಟು ಈಗ ಕಂಡಿತು ಎಂದು ಹೇಳಿಬಿಡೋಣ ಎಂದುಕೊಂಡ. ಐದು ನಿಮಿಷ ಕಳೆದಾಗ ಹೇಳುವುದು ಮೊದಲಿಗಿಂತ ಕಷ್ಟವಾಗಿತ್ತು. ಒಂದು ಸುಳ್ಳನ್ನು ಅದೇ ಕ್ಷಣದಲ್ಲಿ ತಿದ್ದಿಕೊಂಡರೆ ಅದು ಎಡವಟ್ಟು, ಅರ್ಧ ಗಂಟೆಯ ಮೇಲೆ ತಿದ್ದಿದರೆ ಅದು ಸುಳ್ಳೇ. ಜೋನಾ ಯಾಕೆ ಮತ್ತೆ ಕರೆಯುತ್ತಿಲ್ಲ ಎಂದು ಸಿಟ್ಟು ಬಂತು. ಅವನಿಗೂ ಕಾಣುತ್ತಿದೆಯಲ್ಲ, ಅವನ ಗುಡ್ಡದಿಂದ ಇನ್ನೂ ಚೆನ್ನಾಗಿ ಕಾಣುತ್ತದೆ, ಅವನ ಬಾಯಿಗೆ ಏನಾಗಿದೆ. ಹಾಗೆ ಬೈಯುತ್ತಿರುವಾಗಲೇ ಅರ್ಥವಾಯಿತು. ಆ ಮನುಷ್ಯ ಕಣ್ಣಿಗೆ ಕಂಡದ್ದನ್ನು ನಂಬದೆ ವೆಂಡೆಲ್‌ನನ್ನು ನಂಬಿ ಕೂತಿದ್ದಾನೆ. ಹೊಗೆಯನ್ನು ನೋಡುತ್ತ, ಧೂಳು ಹೀಗಿರುತ್ತದೆ ಎಂದು ಕಲಿಯುತ್ತಿದ್ದಾನೆ.

ಮೂರು ಇಪ್ಪತ್ತಕ್ಕೆ ಮೋಡ ಕುಸಿಯಿತು. ನೀರಿಲ್ಲದ ಮೋಡ ಕುಸಿದರೆ ಬರುವುದು ಗಾಳಿ. ಕೋಣೆಯ ಕಿಟಕಿ ಹಲಗೆಗಳು ಬಡಿದುಕೊಂಡವು. ಹಗ್ಗದಂತಿದ್ದ ಹೊಗೆ ಒಮ್ಮೆಲೇ ನೆಲಕ್ಕೆ ಮಲಗಿ ಪೂರ್ವಕ್ಕೆ ಹರಿಯಿತು, ಅದರ ಬಣ್ಣ ಕಂದಿತು, ಒಳಗೆ ಕೆಂಪು ಕಂಡಿತು.

"ಕಚೇರಿ, ಮ್ಯಾಗ್ಪೈ," ಎಂದ. "ಹೊಗೆ. ಮುನ್ನೂರ ನಲವತ್ತು ಡಿಗ್ರಿ, ಹದಿನೆಂಟು ಮೈಲಿ. ಕಪ್ಪು ಬಂಡೆ ದಾಟಿದೆ. ಮುನ್ನೂರು ನಾನೂರು ಎಕರೆ ಆಗಿರಬಹುದು, ಬೇಗ ಹರಡ್ತಿದೆ."

"ಕಾಪಿ, ಮ್ಯಾಗ್ಪೈ." ಅವಳು ದಿಕ್ಕನ್ನು ಜೋನಾನ ಹಳೆಯ ಗೆರೆಯ ಮೇಲೆ ಇಟ್ಟು ನೋಡುತ್ತಿರುವುದು ಅವನಿಗೆ ಕಂಡಂತಾಯಿತು. ಎರಡು ಗೆರೆಯೂ ಎಲ್ಲಿ ಕತ್ತರಿಸುತ್ತವೆ ಎಂದು ತಿಳಿಯಲು ಅವಳಿಗೆ ನಕ್ಷೆ ಬೇಕಿರಲಿಲ್ಲ.

ಹೆದ್ದಾರಿಯ ಮರವನ್ನು ಮುಗಿಸಿ ಅಡ್ಡದಾರಿಯಲ್ಲಿ ವಾಪಸು ಬರುತ್ತಿದ್ದ ರಮೋನಾ ಆಗ ಬಂಡೆಯ ಬುಡದಲ್ಲೇ ಇದ್ದಳು. ಗಾಡಿಯ ಸದ್ದಿನ ಮೇಲೆ ಅವಳ ದನಿ ಬಂತು, ತಮಾಷೆ ಇರಲಿಲ್ಲ. "ಕಚೇರಿ, ನಾನು ಅದರ ಪಕ್ಕದಲ್ಲೇ ಇದೀನಿ. ಹಿಂದಿನ ದಾರಿ ಹೊಗೇಲಿ ಹೋಯ್ತು, ಮುಂದೆ ಹುಲ್ಲು. ಎಡಕ್ಕೆ ಸುಟ್ಟ ನೆಲ ಇದೆ. ಅದು ಎಷ್ಟು ಹೊತ್ತಿನದು ಹೇಳಿ. ಹಳೇದಾದ್ರೆ ಅದರ ಮೇಲೇ ಗಾಡಿ ಹತ್ತಿಸ್ತೀನಿ. ಈಗಿಂದಾದ್ರೆ ಕಾಲಿಡೋ ಹಾಗಿಲ್ಲ, ಹುಲ್ಲಲ್ಲೇ ಓಡ್ಬೇಕು."

"ಮ್ಯಾಗ್ಪೈ," ಎಂದಳು ಮೈತೆ. ಒಂದೊಂದು ಮಾತನ್ನೂ ಬಿಡಿಸಿ ಹೇಳಿದಳು. "ಹೊಗೆ ಮೊದಲ ಸಲ ಕಂಡ ಸಮಯ ಹೇಳಿ."

ಹುಲ್ಲಿನಲ್ಲಿ ಓಡುವ ಗಾಡಿಗಿಂತ ಈ ಗಾಳಿ ಜೋರು. ಮೂರು ಇಪ್ಪತ್ತು ಎಂದರೆ ರಮೋನಾ ಹುಲ್ಲಿಗೆ ಇಳಿಯುತ್ತಾಳೆ. ಅಷ್ಟು ಅವನಿಗೆ ತಕ್ಷಣ ಗೊತ್ತಾಯಿತು. ಆದರೂ ನಾಲಗೆಯ ಮೇಲೆ ಮೊದಲು ಬಂದದ್ದು ಮೂರು ಇಪ್ಪತ್ತೇ, ಅದು ಅಲ್ಲಿ ಒಂದು ಕ್ಷಣ ಕೂತಿತ್ತು, ಅದನ್ನು ಅವನು ಆಮೇಲೆ ಎಂದೂ ಮರೆಯಲಿಲ್ಲ.

"ಎರಡು ಗಂಟೆ ಹತ್ತು ನಿಮಿಷ," ಎಂದ.

"ಮತ್ತೊಂದ್ಸಲ ಹೇಳಿ."

"ಎರಡು ಹತ್ತು. ಸ್ಯಾಡಲ್ ಹೇಳಿದಾಗಲೇ ಕಂಡಿತ್ತು. ಹೊಗೆ ಅಂತ ಗೊತ್ತಿತ್ತು." ಬೆರಳು ಗುಂಡಿಯ ಮೇಲೆಯೇ ಇತ್ತು. ಅವನ ಉಸಿರು ಸೀಮೆಯ ಎಲ್ಲ ಗಾಡಿಗಳಲ್ಲೂ, ಎಲ್ಲ ಅಡುಗೆಮನೆಗಳ ರೇಡಿಯೊಗಳಲ್ಲೂ ಕೇಳಿಸುತ್ತಿರಬೇಕು ಎಂದು ನೆನಪಾಗಿ ಬಿಟ್ಟ.

"ಕಾಪಿ. ರಮೋನಾ, ಸುಟ್ಟ ನೆಲ ಒಂದು ಗಂಟೆಗಿಂತ ಹಳೇದು. ಬಂಡೆ ಕಡೆಯಿಂದ ಹತ್ತಿಸು."

ಏಳು ನಿಮಿಷ ವೆಂಡೆಲ್ ದುರ್ಬೀನು ಹಿಡಿದಿದ್ದ, ಹೊಗೆಯಲ್ಲದೆ ಏನೂ ಕಾಣುತ್ತಿರಲಿಲ್ಲ. ಆಮೇಲೆ ಕೆಮ್ಮು, ಅದರ ಹಿಂದೆ ರಮೋನಾ.

"ಹತ್ತಿದೆ. ನೆಲ ತಣ್ಣಗಿದೆ, ಇಳ್ದು ನಿಂತಿದೀನಿ. ಬೆಂಕಿ ಹುಲ್ಲಿನ ಮೇಲೆ ಹೋಗ್ತಿದೆ, ನೋಡ್ತಿದೀನಿ." ಮತ್ತೆ ಕೆಮ್ಮಿದಳು. "ಎರಡು ಹತ್ತಕ್ಕೆ ಬಂದಿದ್ರೆ ಒಂದು ಮರ ಇತ್ತು ವೆಂಡೆಲ್. ಬೂಟಲ್ಲಿ ತುಳ್ದು ಆರಿಸ್ತಿದ್ದೆ." ಬೈಗುಳ ಬರುತ್ತದೆ ಎಂದು ಅವನು ಕಾದ. ಬರಲಿಲ್ಲ.

ಅವನು ಕಾಯುತ್ತಿದ್ದದ್ದು ಇನ್ನೊಂದು ದನಿಗೆ. ಯಾಕೆ ಎಂದು ಕೇಳಿದ್ದರೆ ಹೇಳುತ್ತಿದ್ದ. ಆ ಹೊತ್ತಿನಲ್ಲಿ ಸೀಮೆಯೆಲ್ಲ ಕೇಳಿಸಿಕೊಳ್ಳುತ್ತಿದ್ದರೂ, ತೊಂಬತ್ತಾರು ಎನ್ನುತ್ತಿದ್ದ. ಅವಳಿಗೆ ಕೇಳಬೇಕಾದ ಅಗತ್ಯವಿರಲಿಲ್ಲ ಎಂದು ಅವಳ ದನಿ ಬಂದಾಗಲೇ ತಿಳಿಯಿತು. ಅದು ಬೆಳಗಿನ ದನಿ. ಅದರಲ್ಲಿ ಸಿಟ್ಟೂ ಇರಲಿಲ್ಲ, ನಡುಕವೂ ಇರಲಿಲ್ಲ.

"ಮ್ಯಾಗ್ಪೈ, ಈ ಬೆಂಕಿ ಇನ್ಮೇಲೆ ಸ್ಯಾಡಲ್ ನೋಡ್ಕೊಳ್ತಾರೆ. ನೀವು ಚಾನಲ್ ಬಿಟ್ಟುಕೊಡಿ."

"ಕಾಪಿ," ಎಂದ ವೆಂಡೆಲ್.

"ಸ್ಯಾಡಲ್, ಗಾಳಿ ಯಾವ ಕಡೆಯಿಂದ?"

ಜೋನಾ ತಡೆದ. ಗೊತ್ತಿಲ್ಲದೆ ತಡೆದದ್ದಲ್ಲ ಅದು. ಇಷ್ಟೆಲ್ಲ ಆದ ಮೇಲೂ ಯಾರೋ ಅಲ್ಲ ಎನ್ನಬಹುದು ಎಂದು ತಡೆದದ್ದು. ವೆಂಡೆಲ್ ಗಾಳಿಯ ದಿಕ್ಕು ತೋರಿಸಲು ಹೊರಗೆ ಕಟ್ಟಿದ್ದ ಬಟ್ಟೆಯ ಪಟ್ಟಿಯನ್ನು ನೋಡಿದ, ಹೊಗೆಯ ಬಾಲವನ್ನು ನೋಡಿದ. ಪಶ್ಚಿಮದಿಂದ, ಕೊಂಚ ದಕ್ಷಿಣಕ್ಕೆ ವಾಲಿ. ರೇಡಿಯೊವನ್ನು ಕಿಟಕಿಯ ಅಂಚಿಗಿಟ್ಟು ಎರಡು ಕೈಯನ್ನೂ ಹಿಂದಕ್ಕೆ ಕಟ್ಟಿಕೊಂಡ.

"ಪಶ್ಚಿಮದಿಂದ, ಕಚೇರಿ," ಎಂದ ಜೋನಾ. "ಸ್ವಲ್ಪ ದಕ್ಷಿಣಕ್ಕೆ."

ಸರಿಯಾಗಿಯೇ ಹೇಳಿದ.